ಸೈನಿಕನ ಆಲ್ಬಮ್‌ನಲ್ಲಿ ಇರೋದು ಯಾರ ಮುಖ?

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ ಇಲ್ಲಿದೆ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.

ಬಸ್ಸಿನಲ್ಲಿ ಕೂತು ಕೇಳ್ತಿದ್ದೀರೋ, ಹೊಲದ ಬದುವಿನ ಮೇಲೆ ಕೂತು ಕೇಳ್ತಿದ್ದೀರೋ, ಇಯರ್‌ಫೋನ್ ಸರಿಯಾಗಿ ಹಾಕ್ಕೊಳ್ರಿ. ಇವತ್ತಿನ ವಿಷಯ ಮೊದಲಿಗೆ ಬಹಳ ದೂರದ್ದು ಅನ್ನಿಸುತ್ತೆ. ಆದ್ರೆ ಸ್ವಲ್ಪ ಹೊತ್ತಿನಲ್ಲೇ ಅದು ನಮ್ಮ ರಾಯಚೂರಿಗೇ ಬಂದು ನಿಲ್ಲುತ್ತೆ.

ವಿಷಯ ಏನಪ್ಪಾ ಅಂದ್ರೆ, ಇಟಲಿಯ ಸೈನಿಕರು ಆಫ್ರಿಕಾದಲ್ಲಿ ವಸಾಹತು ಯುದ್ಧ ಮಾಡುವಾಗ ತೆಗೆದ ಫೋಟೋಗಳು, ಅವರು ಮನೆಗೆ ಒಯ್ದ ಆಲ್ಬಮ್‌ಗಳು. ಇವತ್ತು ಇವನ್ನು ಕೊಳ್ಳೋರು, ಮಾರೋರು, ಕೂಡಿಡೋರು ಪ್ರಪಂಚದ ತುಂಬ ಇದ್ದಾರೆ. ಫೋನಿನಲ್ಲೇ ಹರಾಜು ನಡೀತದೆ.

ನಾನು ಕಲ್ಲೂರಿನವನು. ಮಹಾಲಕ್ಷ್ಮಿ ಗುಡಿ ಇರೋ ಕಲ್ಲೂರು ಅಂದ್ರೆ ನಮ್ಮ ಸೀಮೆಯವರಿಗೆ ಗೊತ್ತಾಗುತ್ತೆ. ಹಳೇ ಫೋಟೋ ಕೂಡಿಡೋದು ನನಗೆ ಹತ್ತು ವರ್ಷದ ಹುಚ್ಚು. ಮಾನ್ವಿ, ದೇವದುರ್ಗ, ರಾಯಚೂರಿನ ಗುಜರಿ ಅಂಗಡಿಗಳಲ್ಲಿ ಸಿಕ್ಕಿದ್ದೇ ಹೆಚ್ಚು. ಇಟಲಿಯ ಸೈನಿಕರದ್ದು ನನ್ನ ಹತ್ರ ಇರೋದು ಐದೇ ಐದು ಬಿಡಿ ಫೋಟೋ. ಆ ಐದು ಫೋಟೋ ನನಗೆ ಕಲಿಸಿದ್ದನ್ನು ಇವತ್ತು ನಿಮಗೆ ಹೇಳ್ತೀನಿ.

ಮೊದಲು ಸ್ವಲ್ಪ ಇತಿಹಾಸ

ಬ್ರಿಟನ್, ಫ್ರಾನ್ಸ್ ಆಫ್ರಿಕಾ ಹಂಚಿಕೊಳ್ಳೋ ಆಟಕ್ಕೆ ಇಟಲಿ ತಡವಾಗಿ ಬಂತು. 1885ರಲ್ಲಿ ಕೆಂಪು ಸಮುದ್ರದ ದಂಡೆಯ ಮಸಾವಾ ಬಂದರನ್ನು ಹಿಡೀತು. 1890ರಲ್ಲಿ ಆ ಪ್ರದೇಶಕ್ಕೆ ಎರಿಟ್ರಿಯಾ ಅಂತ ಹೆಸರಿಟ್ಟು ವಸಾಹತು ಮಾಡಿಕೊಂಡಿತು. ಅಲ್ಲಿಂದ ಇಥಿಯೋಪಿಯಾ ಕಡೆ ಕಣ್ಣು ಹಾಕ್ತು. ಆಗ ಆ ದೇಶವನ್ನು ಅಬಿಸೀನಿಯಾ ಅಂತಿದ್ರು. 1896ರ ಮಾರ್ಚ್ 1ರಂದು ಅಡ್ವಾದಲ್ಲಿ ಚಕ್ರವರ್ತಿ ಎರಡನೇ ಮೆನೆಲಿಕ್‌ನ ಸೈನ್ಯ ಇಟಲಿಯನ್ನು ಮಣ್ಣು ಮುಕ್ಕಿಸಿತು. ಒಂದು ಆಫ್ರಿಕನ್ ದೇಶ ಯುರೋಪಿನ ಸೈನ್ಯವನ್ನು ಹಾಗೆ ಸೋಲಿಸಿದ್ದು ಜಗತ್ತಿಗೇ ಸುದ್ದಿಯಾಯ್ತು.

1911ರಲ್ಲಿ ಇಟಲಿ ಲಿಬಿಯಾಕ್ಕೆ ನುಗ್ಗಿತು. ಅದೇ ವರ್ಷ ನವೆಂಬರ್ 1ರಂದು ಜೂಲಿಯೋ ಗವೋತ್ತಿ ಅನ್ನೋ ಪೈಲಟ್ ವಿಮಾನದಿಂದ ಕೈಯಾರೆ ಬಾಂಬು ಎಸೆದ. ವಿಮಾನದಿಂದ ಬಾಂಬು ಹಾಕಿದ್ದು ಚರಿತ್ರೆಯಲ್ಲಿ ಅದೇ ಮೊದಲು. ಲಿಬಿಯಾದ ಜನ ಇಪ್ಪತ್ತು ವರ್ಷ ಹೋರಾಡಿದ್ರು. ಅವರ ನಾಯಕ, ಎಪ್ಪತ್ತು ದಾಟಿದ ಒಮರ್ ಮುಖ್ತಾರ್‌ನನ್ನು 1931ರ ಸೆಪ್ಟೆಂಬರ್ 16ರಂದು ಗಲ್ಲಿಗೇರಿಸಿದ್ರು. ಬೇಡಿ ಹಾಕಿದ ಆ ಮುದುಕ, ಸುತ್ತ ನಿಂತ ಇಟಲಿ ಅಧಿಕಾರಿಗಳು: ಆ ಫೋಟೋ ನೀವೂ ಎಲ್ಲಾದ್ರೂ ನೋಡಿರಬಹುದು. ಅದನ್ನು ಗೆದ್ದ ಗರ್ವಕ್ಕೆ ತೆಗೆದ್ರು. ಇವತ್ತು ಲಿಬಿಯಾದವರು ಅದನ್ನು ತಮ್ಮ ವೀರನ ಫೋಟೋ ಅಂತ ನೋಡ್ತಾರೆ. ಫೋಟೋ ಅದೇ, ನೋಡೋ ಕಣ್ಣು ಬೇರೆ.

ಕೊನೆಗೆ 1935ರ ಅಕ್ಟೋಬರ್ 3ರಂದು ಮುಸೊಲಿನಿ ಇಥಿಯೋಪಿಯಾ ಮೇಲೆ ಮತ್ತೆ ದಾಳಿ ಮಾಡಿಸಿದ. 1936ರ ಮೇ 5ಕ್ಕೆ ರಾಜಧಾನಿ ಅಡಿಸ್ ಅಬಾಬಾ ಬಿತ್ತು. ನಾವು ಮಾತಾಡ್ತಿರೋ ಆಲ್ಬಮ್‌ಗಳಲ್ಲಿ ಹೆಚ್ಚಿನವು ಈ ಯುದ್ಧದವೇ. ಕಾರಣ ಸರಳ. ಆ ಹೊತ್ತಿಗೆ ಸಣ್ಣ ಕ್ಯಾಮೆರಾ ಸಾಮಾನ್ಯ ಸೈನಿಕನ ಚೀಲಕ್ಕೂ ಬಂದಿತ್ತು.

ಆಲ್ಬಮ್ ಒಳಗೆ ಏನಿರುತ್ತೆ?

ಇಂಥ ಒಂದು ಆಲ್ಬಮ್ ತೆರೆದ್ರೆ ಅದಕ್ಕೊಂದು ಕ್ರಮ ಇರುತ್ತೆ. ಮೊದಲು ನೇಪಲ್ಸ್ ಬಂದರು, ಹಡಗು, ಕೈ ಬೀಸೋ ಜನ. ಆಮೇಲೆ ಸೂಯೆಜ್ ಕಾಲುವೆ. ಆಮೇಲೆ ಮಸಾವಾ. ಅಲ್ಲಿಂದ ಹೇಸರಗತ್ತೆಗಳ ಸಾಲು, ಲಾರಿ, ರಸ್ತೆ ಕಡಿಯೋ ಕೆಲಸ, ಅಡುಗೆಯ ಡೇರೆ, ಗೆಳೆಯರ ನಗು. ಒಂದು ಸಂತೆ, ಒಂದು ಇಗರ್ಜಿ, ಛತ್ರಿ ಹಿಡಿದ ಪಾದ್ರಿಗಳು. ನಮ್ಮ ಹುಡುಗರು ಪಟ್ಟಣಕ್ಕೆ ದುಡಿಯಲಿಕ್ಕೆ ಹೋಗಿ ಸೆಲ್ಫಿ ಕಳಿಸೋ ಹಾಗೇ ಇದೆ ಅನ್ನಿಸುತ್ತೆ.

ಹಾಗೇ ಪುಟ ತಿರುವ್ತಾ ಹೋದ್ರೆ ದನಿ ಬದಲಾಗುತ್ತೆ. ಬೆತ್ತಲೆ ನಿಲ್ಲಿಸಿದ ಹೆಣ್ಣುಮಕ್ಕಳು. ನೇಣುಗಂಬ. ಸಾಲಾಗಿ ಬಿದ್ದ ಹೆಣ, ಪಕ್ಕದಲ್ಲಿ ನಿಂತು ನಗ್ತಿರೋ ಸೈನಿಕ. ಊಟದ ಡೇರೆಯ ಫೋಟೋ ಮತ್ತು ನೇಣಿನ ಫೋಟೋ ಒಂದೇ ಅಳತೆ, ಒಂದೇ ಅಂಟು, ಒಂದೇ ಪುಟ. ಮೊದಲ ಸಲ ಅಂಥ ಪುಟವನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದಾಗ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಹೆಣ ಅಲ್ಲ. ಆ ಪುಟವನ್ನು ಅಷ್ಟು ಅಚ್ಚುಕಟ್ಟಾಗಿ ಜೋಡಿಸಿದ ಕೈ.

ಒಂದು ಗುಟ್ಟು ಹೇಳ್ತೀನಿ. ಆಲ್ಬಮ್‌ನಲ್ಲಿರೋ ಎಲ್ಲಾ ಫೋಟೋನೂ ಆ ಸೈನಿಕನೇ ತೆಗೆದದ್ದಲ್ಲ. ಊರಿನ ಸ್ಟುಡಿಯೋಗಳು ಫೋಟೋಗಳನ್ನು ಸೆಟ್ ಮಾಡಿ ಮಾರ್ತಿದ್ವು. ಸೈನಿಕರೂ ಒಬ್ಬರಿಗೊಬ್ಬರು ಪ್ರತಿ ಕೊಡ್ತಿದ್ರು. ಸರ್ಕಾರದ ಪ್ರಚಾರ ಸಂಸ್ಥೆ ಇಸ್ತಿತುತೋ ಲೂಚೆ ಅಂತ ಇತ್ತು. 1924ರಲ್ಲಿ ಶುರುವಾದದ್ದು, ಅದರ ಫೋಟೋ ಭಂಡಾರ ಈಗ ಆನ್‌ಲೈನ್‌ನಲ್ಲಿ ನೋಡಲಿಕ್ಕೆ ಸಿಗುತ್ತೆ. ಅದರ ಫೋಟೋಗಳೂ ಪತ್ರಿಕೆ, ಪೋಸ್ಟ್‌ಕಾರ್ಡ್‌ಗಳ ಮೂಲಕ ಎಲ್ಲ ಕಡೆ ಹಬ್ಬಿದ್ವು. ಹಾಗಾಗಿ ಒಂದೇ ಫೋಟೋ ಹತ್ತು ಆಲ್ಬಮ್‌ಗಳಲ್ಲಿ ಕಂಡ್ರೆ ಆಶ್ಚರ್ಯ ಪಡಬೇಡ್ರಿ. ಇವತ್ತು ವಾಟ್ಸಾಪ್‌ನಲ್ಲಿ ಬಂದಿದ್ದನ್ನು ನಾವು ನಮ್ಮ ಗ್ಯಾಲರಿಯಲ್ಲಿ ಇಟ್ಟುಕೊಳ್ಳಲ್ವೇ? ಹಾಗೇ.

ಇನ್ನೊಬ್ಬರ ಲಷ್ಕರ್

ಈ ಫೋಟೋಗಳಲ್ಲಿ ಇನ್ನೊಬ್ಬ ಬರ್ತಾನೆ. ತಲೆ ಮೇಲೆ ಎತ್ತರದ ಕೆಂಪು ಟೋಪಿ, ಕೈಯಲ್ಲಿ ಬಂದೂಕು, ಮೈಬಣ್ಣ ಕಪ್ಪು. ಅವನು ಅಸ್ಕರಿ. ಇಟಲಿಯ ಸೈನ್ಯಕ್ಕೆ ಸೇರಿದ ಎರಿಟ್ರಿಯಾದ ಸಿಪಾಯಿ. ಅಸ್ಕರಿ ಅನ್ನೋ ಮಾತು, ನಮ್ಮ ಕಡೆ ಹಳಬರು ಬಳಸೋ ಲಷ್ಕರ್ ಅನ್ನೋ ಮಾತು, ಎರಡೂ ಒಂದೇ ಬೇರಿನವು. ಸಿಕಂದರಾಬಾದಿಗೆ ಇಂದಿಗೂ ಲಷ್ಕರ್ ಅಂತಾರೆ, ಗೊತ್ತಲ್ಲ?

ಅಸ್ಕರಿಯ ಕಥೆ ನಮ್ಮ ಸಿಪಾಯಿ ಕಥೆನೇ. ಯಾರದೋ ಸಾಮ್ರಾಜ್ಯಕ್ಕೆ, ಸಂಬಳಕ್ಕೆ, ನೆರೆಯವರ ಮೇಲೆ ಬಂದೂಕು ಹಿಡಿಯೋದು. ಆಲ್ಬಮ್‌ನಲ್ಲಿ ಇಟಲಿಯವನ ಹೆಸರು ಇರುತ್ತೆ, ಊರು ಇರುತ್ತೆ. ಅಸ್ಕರಿಯ ಫೋಟೋ ಕೆಳಗೆ ಬರೀ ‘ಅಸ್ಕರಿ’ ಅಂತ ಇರುತ್ತೆ. ಹೆಸರಿಲ್ಲ.

ಫೋಟೋ ಹೇಳದೇ ಇರೋದು

ಈ ಯುದ್ಧದಲ್ಲಿ ಇಟಲಿ ಮಸ್ಟರ್ಡ್ ಗ್ಯಾಸ್ ಬಳಸ್ತು. ವಿಮಾನದಿಂದ ವಿಷ ಸುರೀತು. ಮೈಸುಟ್ಟು, ಕಣ್ಣು ಹೋಗಿ ಜನ ಸತ್ರು. 1925ರ ಜಿನೀವಾ ಒಪ್ಪಂದ ಅದನ್ನು ನಿಷೇಧಿಸಿತ್ತು, ಇಟಲಿಯೇ ಅದಕ್ಕೆ ಸಹಿ ಹಾಕಿತ್ತು. 1936ರ ಜೂನ್ 30ರಂದು ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾಕ್ಕೇ ಹೋಗಿ ರಾಷ್ಟ್ರಸಂಘದ ಎದುರು ನಿಂತು ಇದನ್ನು ಹೇಳಿದ. ಇಟಲಿ ದಶಕಗಳ ಕಾಲ ಇಲ್ಲ ಅಂತಲೇ ಬಂತು. ಆಂಜೆಲೋ ದೆಲ್ ಬೊಕಾ ಅನ್ನೋ ಇತಿಹಾಸಕಾರ ದಾಖಲೆ ಹುಡುಕಿ ಬರೆದಾಗ ಹಳೇ ಸೈನಿಕರೇ ಅವನ ಮೇಲೆ ಬಿದ್ರು: ‘ನಾವು ಅಲ್ಲಿದ್ವಿ, ನಾವು ನೋಡಿಲ್ಲ’ ಅಂತ. ಇಟಲಿಯ ರಕ್ಷಣಾ ಸಚಿವಾಲಯ ಅದನ್ನು ಒಪ್ಪಿಕೊಂಡಿದ್ದು 1996ರಲ್ಲಿ. ಅರವತ್ತು ವರ್ಷದ ಮೇಲೆ.

ಇಲ್ಲಿ ಕಲಿಯೋ ಪಾಠ ಏನು? ಆಲ್ಬಮ್‌ನಲ್ಲಿ ಇಲ್ಲ ಅಂದ ಮಾತ್ರಕ್ಕೆ ನಡೆದಿಲ್ಲ ಅಂತ ಅಲ್ಲ. ಕ್ಯಾಮೆರಾ ಯಾರ ಕೈಯಲ್ಲಿತ್ತೋ ಅವರು ನಿಂತ ಜಾಗದಿಂದ ಮಾತ್ರ ಫೋಟೋ ಬರುತ್ತೆ.

ಇನ್ನೊಂದು ಕಡೆ, ಅದೇ ಕ್ಯಾಮೆರಾ ಸಾಕ್ಷಿಯೂ ಆಗುತ್ತೆ. 1937ರ ಫೆಬ್ರವರಿ 19ರಂದು ಅಡಿಸ್ ಅಬಾಬಾದಲ್ಲಿ ಇಟಲಿಯ ವೈಸರಾಯ್ ಗ್ರಾಜಿಯಾನಿ ಮೇಲೆ ಗ್ರೆನೇಡ್ ಎಸೆದ್ರು. ಅದಕ್ಕೆ ಸೇಡಾಗಿ ಮೂರು ದಿನ ಊರಿನ ಜನರನ್ನು ಕೊಂದ್ರು, ಮನೆ ಸುಟ್ರು. ಸತ್ತವರು 30 ಸಾವಿರ ಅಂತ ಇಥಿಯೋಪಿಯಾ ಹೇಳುತ್ತೆ, ಇತಿಹಾಸಕಾರರ ಲೆಕ್ಕ ಬೇರೆ ಬೇರೆ ಇದೆ. ಆ ವರ್ಷಗಳ ಕ್ರೌರ್ಯದ ಎಷ್ಟೋ ಫೋಟೋ ತೆಗೆದವರು ಇಟಲಿಯವರೇ. ನೆನಪಿಗೆ ಅಂತ ತೆಗೆದದ್ದು ಅವರ ಮೇಲೇ ಸಾಕ್ಷಿಯಾಯ್ತು. ಆದ್ರೂ ಇಥಿಯೋಪಿಯಾದಲ್ಲಿ ಮಾಡಿದ್ದಕ್ಕೆ ಗ್ರಾಜಿಯಾನಿ ಯಾವ ಅಂತರರಾಷ್ಟ್ರೀಯ ಕೋರ್ಟಿನ ಮುಂದೂ ನಿಲ್ಲಲಿಲ್ಲ.

ಇದಕ್ಕೂ ನಮಗೂ ಏನ್ರಿ ಸಂಬಂಧ?

ಸಂಬಂಧ ಮೂರು ಎಳೆಯದ್ದು.

ಮೊದಲನೇದು ಹಳೇದು. ನಮ್ಮ ಕಡೆ ‘ಹಬ್ಶಿ’ ಅನ್ನೋ ಪದ ಕೇಳಿರ್ತೀರಿ. ಅದು ಅಬಿಸೀನಿಯಾದವರು ಅನ್ನೋ ಅರ್ಥದ ಮಾತು. ಗುಲಾಮರಾಗಿ ಬಂದು ದಖ್ಖನಿನ ಸುಲ್ತಾನರ ಹತ್ರ ಸರದಾರರಾದವರು ಅವರಲ್ಲಿ ಬಹಳ ಜನ. ಅಹಮದ್‌ನಗರವನ್ನು ನಡೆಸಿ 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್ ಹುಟ್ಟಿದ್ದು ಇಥಿಯೋಪಿಯಾದಲ್ಲೇ. ರಾಯಚೂರು ಕೋಟೆ ಬಿಜಾಪುರದ ಕೈಯಲ್ಲಿದ್ದ ಕಾಲಕ್ಕೆ ಬಿಜಾಪುರದ ದರ್ಬಾರಿನಲ್ಲೂ ಹಬ್ಶಿ ಸರದಾರರಿದ್ರು.

ಎರಡನೇದು ಸೈನಿಕರದ್ದು. 1940ರಲ್ಲಿ ಇಟಲಿ ಎರಡನೇ ಮಹಾಯುದ್ಧಕ್ಕೆ ಇಳೀತು. ಎರಿಟ್ರಿಯಾದ ಮೇಲೆ ಹೋದ ಬ್ರಿಟಿಷ್ ಪಡೆಯ ಬೆನ್ನೆಲುಬು ಭಾರತದ 4ನೇ ಮತ್ತು 5ನೇ ಡಿವಿಜನ್. 1941ರ ಫೆಬ್ರವರಿ ಆರಂಭದಿಂದ ಮಾರ್ಚ್ 27ರ ತನಕ ಕೆರೆನ್ ಅನ್ನೋ ಬೆಟ್ಟಗಳ ಊರಿನಲ್ಲಿ ಘೋರ ಯುದ್ಧ ನಡೀತು. ಸುಬೇದಾರ್ ರಿಚ್‌ಪಾಲ್ ರಾಮ್ ಅಲ್ಲೇ ಸತ್ತು ವಿಕ್ಟೋರಿಯಾ ಕ್ರಾಸ್ ಪಡೆದ. ಅದೇ ದಿನಗಳಲ್ಲಿ ಇಥಿಯೋಪಿಯಾ ಗಡಿಯಲ್ಲಿ ಇಟಲಿಯವರು ಹೂತಿಟ್ಟ ಮೈನುಗಳನ್ನು ದಿನಗಟ್ಟಲೆ ತೆಗೆದ ಪ್ರೇಮಿಂದ್ರ ಸಿಂಗ್ ಭಗತ್‌ಗೂ ಆ ಪದಕ ಬಂತು. ಕೆರೆನ್‌ನಲ್ಲಿ ಇವತ್ತಿಗೂ ಯುದ್ಧ ಸ್ಮಶಾನ ಇದೆ. ಅಲ್ಲಿ ದಹನ ಮಾಡಿದ ಭಾರತೀಯ ಸೈನಿಕರ ನೆನಪಿಗೆ ಬೇರೆಯೇ ಸ್ಮಾರಕ ಇದೆ. 1941ರ ಮೇ 5ರಂದು, ರಾಜಧಾನಿ ಬಿದ್ದು ಸರಿಯಾಗಿ ಐದು ವರ್ಷಕ್ಕೆ, ಹೈಲೆ ಸೆಲಾಸಿ ತನ್ನ ಊರಿಗೆ ಮರಳಿದ.

ಮೂರನೇದು ಕೈದಿಗಳದ್ದು. ಲಿಬಿಯಾ, ಎರಿಟ್ರಿಯಾ, ಇಥಿಯೋಪಿಯಾಗಳಲ್ಲಿ ಸಿಕ್ಕಿಬಿದ್ದ ಇಟಲಿಯ ಸೈನಿಕರಲ್ಲಿ 60 ಸಾವಿರಕ್ಕೂ ಹೆಚ್ಚು ಜನರನ್ನು ಹಡಗಿನಲ್ಲಿ ಭಾರತಕ್ಕೆ ತಂದ್ರು. ಶಿಬಿರಗಳು ಎಲ್ಲಿ? ಡೆಹ್ರಾಡೂನ್, ಭೋಪಾಲ್, ಹಿಮಾಚಲದ ಯೋಲ್, ಮತ್ತೆ ನಮ್ಮ ಬೆಂಗಳೂರು. ಜಾಲಹಳ್ಳಿ ಕಡೆ ಹಳಬರನ್ನು ಕೇಳಿ ನೋಡ್ರಿ, ‘ಇಟಲಿ ಕೈದಿಗಳು’ ಅನ್ನೋ ಮಾತು ಇನ್ನೂ ಬರುತ್ತೆ. ಅಂದ್ರೆ ಅಡಿಸ್ ಅಬಾಬಾದ ಬೀದಿಯಲ್ಲಿ ಕ್ಯಾಮೆರಾ ಹಿಡಿದು ಮೆರೆದವರಲ್ಲಿ ಕೆಲವರು ಐದೇ ವರ್ಷದಲ್ಲಿ ಬೆಂಗಳೂರಿನ ತಂತಿಬೇಲಿ ಒಳಗೆ ಗುಂಪು ಫೋಟೋಕ್ಕೆ ನಿಂತಿರಬಹುದು. ಮನೆಯವರಿಗೆ ‘ಜೀವಂತ ಇದ್ದೀನಿ’ ಅಂತ ತೋರಿಸಲಿಕ್ಕೆ.

ಮತ್ತೊಂದು ಮಾತು. ಈ ಯುದ್ಧ ನಮ್ಮವರಿಗೆ ಆಗಲೇ ಗೊತ್ತಿತ್ತು. 1936ರ ಮಾರ್ಚ್‌ನಲ್ಲಿ, ಪತ್ನಿ ಕಮಲಾ ತೀರಿಕೊಂಡ ಕೆಲವೇ ದಿನಕ್ಕೆ, ನೆಹರೂ ರೋಮ್ ಮೂಲಕ ವಾಪಸ್ ಬರ್ತಿದ್ರು. ಮುಸೊಲಿನಿ ಭೇಟಿಗೆ ಕರೆ ಕಳಿಸಿದ. ಅಬಿಸೀನಿಯಾದಲ್ಲಿ ಯುದ್ಧ ನಡೀತಿದ್ದಾಗ ಅವನ ಕೈ ಕುಲುಕೋದು ಬೇಡ ಅಂತ ನೆಹರೂ ಹೋಗಲೇ ಇಲ್ಲ.

ಫೋಟೋ ಓದೋದು ಹೇಗೆ?

ಈಗ ಕೈಗೆ ಬರೋ ವಿದ್ಯೆ. ಹಳೇ ಸೈನಿಕ ಫೋಟೋ ಸಿಕ್ಕರೆ ಮೊದಲು ಮುಖ ನೋಡಬೇಡ್ರಿ, ಬೆನ್ನು ನೋಡ್ರಿ. ಹಿಂದೆ ಕಾಗದದ ಕಂಪನಿ ಹೆಸರು ಇರಬಹುದು. ಇಟಲಿಯದ್ದಾದ್ರೆ ಫೆರಾನಿಯಾ ಅಂತ ಇರೋದು ಸಾಮಾನ್ಯ. ಸ್ಟುಡಿಯೋ ಮೊಹರು, ಊರು, ದಿನಾಂಕ ಇರಬಹುದು.

ನನ್ನ ಒಂದು ಫೋಟೋ ಹಿಂದೆ ಮಕಾಲ್ಲೆ ಅಂತ ಊರ ಹೆಸರು, ಪಕ್ಕದಲ್ಲಿ ರೋಮನ್ ಅಂಕಿಯಲ್ಲಿ 14 ಅಂತ ಇದೆ. 14 ಅಂದ್ರೆ ತಾರೀಖಲ್ಲ, ವರ್ಷ. ಮುಸೊಲಿನಿ 1922ರ ಅಕ್ಟೋಬರ್ ಕೊನೆಯಲ್ಲಿ ಅಧಿಕಾರಕ್ಕೆ ಬಂದಾಗಿನಿಂದ ಫ್ಯಾಸಿಸ್ಟರು ಹೊಸ ಶಕೆ ಎಣಿಸ್ತಿದ್ರು. ಅದರ 14ನೇ ವರ್ಷ ಅಂದ್ರೆ 1935ರ ಅಕ್ಟೋಬರ್ ಕೊನೆಯಿಂದ 1936ರ ಅಕ್ಟೋಬರ್ ತನಕ. ಯುದ್ಧದ ವರ್ಷ ಸರಿಯಾಗಿ ಕೂತ್ಕೊಳ್ತು ನೋಡ್ರಿ.

ಎರಡನೇದು, ಬೂದುಗಾಜು ಹಿಡೀರಿ. ಸಣ್ಣ ಸಣ್ಣ ಚುಕ್ಕಿಗಳ ಜಾಲ ಕಂಡ್ರೆ ಅದು ಪ್ರೆಸ್ಸಿನಲ್ಲಿ ಅಚ್ಚಾದದ್ದು, ಫೋಟೋ ಅಲ್ಲ. ನಿಜವಾದ ಹಳೇ ಫೋಟೋದಲ್ಲಿ ಕಪ್ಪು ಭಾಗದ ಅಂಚಿನಲ್ಲಿ, ಓರೆ ಹಿಡಿದ್ರೆ, ಬೆಳ್ಳಿ ಹೊಳಪು ಕಾಣೋದುಂಟು. ಅದು ಕಾಗದದೊಳಗಿನ ಬೆಳ್ಳಿ ಮೇಲೆ ಬಂದದ್ದು.

ಮೂರನೇದು, ಬಿಡಿ ಫೋಟೋಗಿಂತ ಇಡೀ ಆಲ್ಬಮ್ ದೊಡ್ಡದು. ಒಮ್ಮೆ ಹರಾಜಿನಲ್ಲಿ ಒಬ್ಬ ವ್ಯಾಪಾರಿ ಆಲ್ಬಮ್ ಕಿತ್ತು ಪುಟಪುಟ ಮಾರ್ತಿದ್ದ. ಪೂರ್ತಿ ಕೊಡಿ ಅಂದೆ. ‘ಬಿಡಿಬಿಡಿ ಮಾರಿದ್ರೆ ಜಾಸ್ತಿ ಬರುತ್ತೆ, ನೇಣಿನ ಪುಟಕ್ಕೇ ಮೊದಲು ಗಿರಾಕಿ’ ಅಂತ ಉತ್ತರ ಬಂತು. ಪುಟ ಕಿತ್ತ ತಕ್ಷಣ ಯಾರು ತೆಗೆದದ್ದು, ಯಾವ ಊರು, ಹಿಂದೆ ಏನಾಯ್ತು, ಮುಂದೆ ಏನಾಯ್ತು, ಎಲ್ಲಾ ಹೋಯ್ತು. ಸಾಕ್ಷಿ ಹೋಗಿ ಬರೀ ಬೆಚ್ಚಿ ಬೀಳಿಸೋ ಚಿತ್ರ ಉಳೀತು.

ಕೂಡಿಡೋದು ತಪ್ಪಾ?

ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಆ ಹೆಣ್ಣುಮಗಳು ಫೋಟೋ ತೆಗೀರಿ ಅಂತ ಹೇಳಿರಲಿಲ್ಲ. ಅವಳ ಮೊಮ್ಮಕ್ಕಳು ಇವತ್ತು ಎಲ್ಲೋ ಇರಬಹುದು. ಅವಳ ಫೋಟೋ ಒಬ್ಬರ ಕೈಯಿಂದ ಒಬ್ಬರ ಕೈಗೆ ದುಡ್ಡಿಗೆ ಹೋಗ್ತಿದೆ. ಹಾಗಂತ ಎಲ್ಲಾ ಸುಟ್ಟುಬಿಡೋಣ ಅಂದ್ರೆ, ‘ನಾವು ಏನೂ ಮಾಡಿಲ್ಲ’ ಅನ್ನೋರಿಗೆ ಅದೇ ಬೇಕಾಗಿರೋದು.

ನಾನು ಮೂರು ಕಟ್ಟಳೆ ಮಾಡಿಕೊಂಡಿದ್ದೀನಿ. ಒಂದು, ಹೆಣದ, ಬೆತ್ತಲೆಯ ಬಿಡಿ ಫೋಟೋಕ್ಕೆ ದುಡ್ಡು ಕೊಡೋದಿಲ್ಲ. ನಾನು ಕೊಂಡ್ರೆ ಇನ್ನೊಂದು ಆಲ್ಬಮ್ ಕೀಳ್ತಾರೆ. ಎರಡು, ಅಂಥದ್ದನ್ನು ಸ್ಟೇಟಸ್‌ಗೆ, ರೀಲ್ಸ್‌ಗೆ ಹಾಕೋದಿಲ್ಲ. ಮೂರು, ಅಧ್ಯಯನ ಮಾಡೋರು ಕೇಳಿದ್ರೆ ಎರಡೂ ಬದಿ ಸ್ಕ್ಯಾನ್ ಮಾಡಿ ಪುಕ್ಕಟೆ ಕೊಡ್ತೀನಿ.

1937ರಲ್ಲಿ ಇಟಲಿ ಇಥಿಯೋಪಿಯಾದ ಆಕ್ಸುಮ್‌ನಿಂದ ಒಂದು ಪ್ರಾಚೀನ ಶಿಲಾಸ್ತಂಭ ಎತ್ತಿಕೊಂಡು ಹೋಗಿ ರೋಮ್‌ನಲ್ಲಿ ನಿಲ್ಲಿಸಿತ್ತು. 2005ರಲ್ಲಿ ಅದು ಮೂರು ತುಂಡಾಗಿ ವಿಮಾನದಲ್ಲಿ ಮರಳಿತು, 2008ರಲ್ಲಿ ತನ್ನ ಜಾಗದಲ್ಲೇ ಎದ್ದು ನಿಂತಿತು. ಟನ್‌ಗಟ್ಟಲೆ ತೂಕದ ಕಲ್ಲೇ ವಾಪಸ್ ಹೋಗಬಹುದಾದ್ರೆ, ನಾಲ್ಕು ಗ್ರಾಂ ಫೋಟೋದ ಒಂದು ಪ್ರತಿ ಅದರಲ್ಲಿರೋ ಮುಖದ ಊರಿಗೆ ಹೋಗೋದು ಕಷ್ಟವೇ?

ಈಗ ನಮ್ಮ ಮನೆ ಟ್ರಂಕಿಗೆ ಬರೋಣ

1948ರ ಸೆಪ್ಟೆಂಬರ್ ತನಕ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆರನೇ ನಿಜಾಮರ ಫೋಟೋಗ್ರಾಫರ್ ರಾಜಾ ದೀನ್ ದಯಾಳ್ ಆ ಕಾಲಕ್ಕೆ ಇಡೀ ಭಾರತದಲ್ಲೇ ಹೆಸರುವಾಸಿ. ಅರಮನೆಯ ಫೋಟೋಗಳು ಭದ್ರವಾಗಿ ಉಳಿದ್ವು. ನಮ್ಮ ಮನೆಗಳದ್ದು?

ಗುಜರಿ ಅಂಗಡಿಗೆ ಹಳೇ ಫ್ರೇಮ್ ಬಂದ್ರೆ ಏನಾಗುತ್ತೆ ಅಂತ ನಾನು ಕಣ್ಣಾರೆ ನೋಡಿದ್ದೀನಿ. ಗಾಜು ಒಂದು ಕಡೆ, ಕಟ್ಟಿಗೆ ಒಂದು ಕಡೆ, ಫೋಟೋ ರದ್ದಿಗೆ. ಹಾಗೆ ಉಳಿಸಿಕೊಂಡ ಒಂದು ಫೋಟೋದಲ್ಲಿ ಸಮವಸ್ತ್ರ ಹಾಕಿದ ಒಬ್ಬ ಹುಡುಗ ಕುರ್ಚಿ ಹಿಡಿದು ನಿಂತಿದ್ದಾನೆ. ಇಪ್ಪತ್ತು ದಾಟಿರಲಿಕ್ಕಿಲ್ಲ. ಊರಿನ ಹಿರಿಯರೊಬ್ಬರಿಗೆ ತೋರಿಸಿ, ‘ಯಜ್ಜಾ, ಇವರು ಯಾರು ಗೊತ್ತೇನು?’ ಅಂದೆ. ಬಹಳ ಹೊತ್ತು ನೋಡಿದ್ರು. ‘ಮುಖ ನೋಡಿದಂಗ ಐತಿ ತಮ್ಮಾ. ಹೆಸರು ಹೇಳೋರು ಹ್ವಾದ್ರು’ ಅಂದ್ರು.

ಇಟಲಿಯ ಆಲ್ಬಮ್‌ನ ಆ ಅಸ್ಕರಿಗೆ ಆದದ್ದೇ ನಮ್ಮ ಹುಡುಗನಿಗೂ ಆಯ್ತು. ಅವನ ಹೆಸರನ್ನು ಬೇರೆಯವರು ಬರೀಲಿಲ್ಲ. ಇವನ ಹೆಸರನ್ನು ನಾವೇ ಬರೀಲಿಲ್ಲ.

ಒಂದು ಎಚ್ಚರಿಕೆನೂ ಹೇಳ್ತೀನಿ. ಮನೆಯಲ್ಲಿ ‘ಹೈದರಾಬಾದ್ ರೆಜಿಮೆಂಟ್’ ಅಂತ ಬರೆದ ಫೋಟೋ ಸಿಕ್ಕರೆ ತಕ್ಷಣ ನಿಜಾಮರ ಸೈನ್ಯ ಅನ್ನಬೇಡ್ರಿ. 19ನೇ ಹೈದರಾಬಾದ್ ರೆಜಿಮೆಂಟ್ ಬ್ರಿಟಿಷ್ ಭಾರತದ ಸೈನ್ಯದ್ದು, 1945ರಲ್ಲಿ ಅದರ ಹೆಸರು ಕುಮಾವೂ ರೆಜಿಮೆಂಟ್ ಅಂತ ಬದಲಾಯ್ತು. ನಿಜಾಮರ ಸಂಸ್ಥಾನದ ಪಡೆ ಬೇರೆ. ಬ್ಯಾಡ್ಜು, ಪೇಟ, ಭುಜದ ಪಟ್ಟಿ ಹತ್ತಿರದಿಂದ ನೋಡಿ, ಇನ್ನೊಬ್ಬರನ್ನು ಕೇಳಿ, ಆಮೇಲೆ ಹೇಳ್ರಿ.

ಉಳಿಸೋದು ಹೇಗೆ ಅಂದ್ರೆ, ದೊಡ್ಡ ಖರ್ಚಿಲ್ಲ. ನಮ್ಮ ಬಿಸಿಲು 40 ಡಿಗ್ರಿ ದಾಟುತ್ತೆ. ಪತ್ರಾಸಿನ ಮಾಡಿನ ಕೆಳಗೆ, ಅಟ್ಟದ ಮೇಲೆ ಫೋಟೋ ಇಡಬೇಡ್ರಿ. ಗೋಡೆಯ ಮೇಲೆ ಬಿಸಿಲು ಬೀಳೋ ಕಡೆ ತೂಗು ಹಾಕಬೇಡ್ರಿ. ಲ್ಯಾಮಿನೇಷನ್ ಬೇಡವೇ ಬೇಡ, ಒಮ್ಮೆ ಮಾಡಿದ್ರೆ ಬಿಚ್ಚಲಿಕ್ಕೆ ಬರೋದಿಲ್ಲ. ಗಾಜಿಗೆ ಅಂಟಿಕೊಂಡಿದ್ರೆ ಎಳೀಬೇಡ್ರಿ, ಗಾಜಿನ ಸಮೇತ ಫೋಟೋ ತೆಗೀರಿ. ಬಿಡಿ ಫೋಟೋನ ಬಿಳಿ ಕಾಗದದ ಲಕೋಟೆಯಲ್ಲಿ ಹಾಕಿ, ತಂಪಾದ ಒಣ ಜಾಗದಲ್ಲಿ ಇಡ್ರಿ.

ಪ್ರತಿ ತೆಗೆಯಲಿಕ್ಕೆ ನಿಮ್ಮ ಫೋನೇ ಸಾಕು. ನೆರಳಿರೋ ಪಡಸಾಲೆಯಲ್ಲಿ, ಹಗಲಿನ ಬೆಳಕಿನಲ್ಲಿ, ಫ್ಲ್ಯಾಷ್ ಇಲ್ಲದೆ, ಫೋನು ನೇರ ಮೇಲಿಂದ ಹಿಡಿದು ತೆಗೀರಿ. ಮುಂದೂ, ಹಿಂದೂ. ಫಿಲ್ಟರ್ ಹಾಕಬೇಡ್ರಿ. ಕಪ್ಪುಬಿಳುಪು ಫೋಟೋಗೆ ಬಣ್ಣ ತುಂಬೋ ಆ್ಯಪ್ ಬಂದಿವೆ. ತುಂಬಿದ್ರೂ ಮೂಲ ಪ್ರತಿ ಬೇರೆ ಇಟ್ಟುಕೊಳ್ರಿ, ಆ ಬಣ್ಣ ಯಂತ್ರದ ಊಹೆ ಅಷ್ಟೇ.

ಎಲ್ಲಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ಫೋಟೋ ಹಿಡಕೊಂಡು ಅಜ್ಜಿ ಪಕ್ಕ ಕೂತು, ಫೋನಿನ ರೆಕಾರ್ಡರ್ ಒತ್ತಿ. ‘ಅಮ್ಮಾ, ಇವರು ಯಾರು? ಎಲ್ಲಿ ನಿಂತಾರ? ಯಾವಾಗ ತೆಗಿಸಿದ್ದು?’ ಅಂತ ಕೇಳ್ರಿ. ಹೇಳಿದ ಹೆಸರನ್ನು ಫೋಟೋ ಹಿಂದೆ ಮೆತ್ತನೆ ಪೆನ್ಸಿಲ್‌ನಿಂದ, ಒತ್ತಿ ಬರೀದೆ, ಬರೆದಿಡ್ರಿ. ಪೆನ್ನು ಬೇಡ, ಶಾಯಿ ಮುಂದಕ್ಕೆ ಇಳಿಯುತ್ತೆ. ಒಂದು ಫೋಟೋಗೆ ಐದು ನಿಮಿಷ ಸಾಕು. ಆದ್ರೆ ಆ ಐದು ನಿಮಿಷ ಈ ವರ್ಷವೇ ಆಗಬೇಕು, ಯಾಕಂದ್ರೆ ಹೆಸರು ಗೊತ್ತಿರೋರು ನಮಗಾಗಿ ಕಾಯ್ತಾ ಕೂತಿರೋದಿಲ್ಲ.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ ಸಮವಸ್ತ್ರದವರ ಹಳೇ ಫೋಟೋ ಇದ್ದು, ಅದರ ಬೆನ್ನ ಮೇಲಿನ ಬರಹ ಓದಲಿಕ್ಕೆ ಬರ್ತಿಲ್ಲ ಅಂದ್ರೆ, ಉರ್ದು ಬಲ್ಲ ಹಿರಿಯರಿಗೆ ಒಮ್ಮೆ ತೋರಿಸಿ. ನಿಜಾಮರ ಕಾಲದ್ದಾದ್ರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ. ಮುಂದಿನ ವಾರ ಸಿಗೋಣ. ಶರಣು.